ಚೆಂಡು ತಸ್ಲೀಮಳದು

ತಸ್ಲೀಮ ಮಾಡುವಂಥ ಚೆಂಡು ಮೂರು ಲೋಕದಲ್ಲಿ ಇನ್ನೊಂದಿಲ್ಲ. ಅದು ಬೀದರಿನಲ್ಲಿ ಪುಟಿದರೆ ಪಕ್ಕದ ಅಷ್ಟೂರಿನ ಸುಲ್ತಾನರ ಗೋರಿಯ ಗುಮ್ಮಟಗಳು ತಲೆ ತಗ್ಗಿಸಿ ದಾರಿ ಬಿಡಬೇಕು. ಹೀಗೆಂದು ನಾನು ಓಣಿಯೆಲ್ಲ ಡಂಗುರ ಹೊಡೆದಿದ್ದೆ.

ತಸ್ಲೀಮ ನಮ್ಮ ಓಣಿಯವಳು, ಕಂಪ್ಯೂಟರ್ ಕ್ಲಾಸ್ ನಡೆಸುತ್ತಾಳೆ. ಮೊಬೈಲಿನೊಳಗೆ ಒಂದು ಲೋಕವಿದೆ. ಅಲ್ಲಿ ಪ್ರತಿಯೊಬ್ಬರೂ ಒಂದೊಂದು ಗೊಂಬೆಯಾಗಿ ಓಡಾಡುತ್ತಾರೆ. ಬೀದರ, ಭಾಲ್ಕಿ, ಔರಾದಿನ ಹುಡುಗರು ಸೇರಿ ಅಲ್ಲೊಂದು ಕ್ರಿಕೆಟ್ ಮೈದಾನ ಕಟ್ಟಿಕೊಂಡಿದ್ದರು. ಎಲ್ಲ ಸರಿಯಿತ್ತು, ಚೆಂಡೊಂದನ್ನು ಬಿಟ್ಟು. ಅದು ಒಮ್ಮೆ ಬಿದ್ದರೆ ಪ್ರತಿ ಸಲವೂ ಅಷ್ಟೇ ಎತ್ತರಕ್ಕೆ ಪುಟಿಯುತ್ತ, ಮಳೆಗಾಲ ಮುಗಿದರೂ ನಿಲ್ಲುತ್ತಿರಲಿಲ್ಲ. ಕೊನೆಗೆ ಹುಡುಗರು ತಸ್ಲೀಮಳ ಬಾಗಿಲಿಗೆ ಬಂದರು.

"ಮಾಡಿ ಕೊಡ್ತೇನಿ. ಆದ್ರ ನಾನೂ ಆಡಾಕಿ," ಅಂದಳು.

"ಆಗ್ಲಿ ಆಪಾ" ಎಂದು ಎಲ್ಲರೂ ಅಕ್ಕನ ಮುಂದೆ ಗೋಣು ಹಾಕಿದರು.

ಅವಳು ಕೋಡ್ ಬರೆದು ಮಾಡಿದ ಮೊದಲ ಚೆಂಡು ನೆಲಕ್ಕೆ ಬಡಿದು, ನೆಲವನ್ನೇ ತೂರಿಕೊಂಡು ಹೋಯಿತು. ನನ್ನ ಡಂಗುರವೂ ಅದರ ಹಿಂದೆಯೇ ಹೋಯಿತು. ಆ ಚೆಂಡು ಇನ್ನೂ ಬೀಳುತ್ತಲೇ ಇರಬೇಕು. ಪಾತಾಳದಲ್ಲಿ ಯಾರಾದರೂ ಕ್ಯಾಚ್ ಹಿಡಿದಿದ್ದರೆ ತಿಳಿಸಲಿ. ಕಂಪ್ಯೂಟರ್ ಕಣ್ಣು ಮಿಟುಕಿಸುತ್ತ ಚೆಂಡನ್ನು ನೋಡುತ್ತದಂತೆ. ಕಣ್ಣು ಮುಚ್ಚುವಾಗ ನೆಲದ ಮೇಲಿದ್ದದ್ದು ತೆರೆಯುವಾಗ ನೆಲದ ಕೆಳಗೆ! ಆ ಮಿಟುಕಿನ ನಡುವೆ ಚೆಂಡು ಸಾಗುವ ದಾರಿಯನ್ನೂ ಅದು ಕಾಯುವಂತೆ ತಸ್ಲೀಮ ಮತ್ತೆ ಬರೆದಳು. ಪುಟಿದಷ್ಟೂ ಎತ್ತರ ಇಳಿಯುವಂತೆ ಮಾಡಿದಳು. ಬೀದರಿನ ಕೆಂಪು ಗಟ್ಟಿ ನೆಲಕ್ಕೆ ಒಂದು ಪುಟಿತ, ಔರಾದಿನ ಎರೆಮಣ್ಣಿಗೆ ಇನ್ನೊಂದು. ಅದಕ್ಕಾಗಿ ಬಸ್ಸು ಹತ್ತಿ ಔರಾದಿಗೆ ಹೋಗಿ, ಹೊಲದಲ್ಲಿ ನಿಂತು ಚೆಂಡು ಬೀಳಿಸಿ ಬೀಳಿಸಿ ನೋಡಿದಳು. ಈಕೆಗೆ ಗಾಳಿ ಸೋಕಿದೆ ಎಂದು ಅಲ್ಲಿನ ಎತ್ತುಗಳು ಕೂಡ ಮಾತಾಡಿಕೊಂಡವು.

ಅಂತೂ ಚೆಂಡು ಚೆಂಡಾಯಿತು. ಪಂದ್ಯಗಳು ಶುರುವಾದವು. ತಸ್ಲೀಮಳ ಗೊಂಬೆ ಮಾತ್ರ ಬೌಂಡರಿಯ ಹೊರಗೇ ನಿಂತಿತ್ತು.

"ನನ್ನ ಪಾಳಿ ಯಾವಾಗಪಾ?" ಅಂದಳು.

ಭಾಲ್ಕಿ ತಂಡದ ನಾಯಕ ಕೈಲಾಶ, "ನೀವು ಚೆಂಡ ನೋಡ್ಕೋರಿ ಆಪಾ. ಬ್ಯಾಟ ಹೆಣ್ಮಕ್ಕಳ ಕೆಲಸ ಅಲ್ರಿ," ಅಂದ.

ಔರಾದಿನ ನಾಯಕ ಓಂಪ್ರಕಾಶ, "ಸ್ಕೋರ ಬರೀರಲ್ರಿ, ನಿಮ್ಮ ಅಕ್ಷರ ಛಲೋ ಅವ," ಎಂದು ಒಗ್ಗರಣೆ ಹಾಕಿದ.

ನನಗೆ ಮೈಯೆಲ್ಲ ಉರಿಯಿತು. ಅಲ್ಲಿ ಕೈಲಾಶನ ಗೊಂಬೆಗೆ ಹುಲಿಯ ತಲೆ! ಓಂಪ್ರಕಾಶನಿಗೆ ಎರಡು ರೆಕ್ಕೆ, ಮೂರು ಬಾಲ. ವಿಕೆಟ್ ಕೀಪರ್ ಅಂತೂ ಒಂದು ಫ್ರಿಜ್ಜು. ಫ್ರಿಜ್ಜು ಆಡಬಹುದು, ಹೆಣ್ಣು ಆಡಬಾರದು! ಹೊಸ ಲೋಕ ಕಟ್ಟುವಾಗ ಗಾಳಿ ಮರೆತರು, ನೆರಳು ಮರೆತರು. ಈ ಹಳೆಯ ಕಾಯಿದೆಯೊಂದನ್ನು ಮಾತ್ರ ಮೊದಲ ದಿನವೇ ತಲೆ ಮೇಲೆ ಹೊತ್ತು ತಂದಿದ್ದರು.

"ಅವತ್ತ ಗೋಣ ಹಾಕಿದ್ರಲ್ಲಾ?" ಎಂದು ತಸ್ಲೀಮ ಕೇಳಿದಳು.

"ಮುಂದಿನ ಮ್ಯಾಚಿಗಿ ನೋಡೂಣ್ರಿ," ಅಂದ ಕೈಲಾಶ.

ಮುಂದಿನ ಮ್ಯಾಚು ಬಂತು, ಹೋಯಿತು. ಅದರ ಮುಂದಿನದೂ ಹೋಯಿತು.

ಫೈನಲ್ಲಿಗೆ ಭಾಲ್ಕಿ, ಔರಾದ ಎದುರಾದವು. ಕೈಲಾಶ ಬ್ಯಾಟ್ ಎತ್ತಿ ನಿಂತ. ಓಂಪ್ರಕಾಶ ರೆಕ್ಕೆ ಬಡಿಯುತ್ತ ಓಡಿ ಬಂದು ಎಸೆದ. ಚೆಂಡು ನೆಲಕ್ಕೆ ಬಿದ್ದು, ಹಸಿ ಸಗಣಿಯಂತೆ ತೊಪ್ಪೆಂದು ಅಲ್ಲೇ ಕೂತಿತು. ಆಮೇಲೆ ಮೆಲ್ಲಗೆ ಉರುಳುತ್ತ, ಬೌಂಡರಿ ದಾಟಿ, ತಸ್ಲೀಮಳ ಗೊಂಬೆಯ ಕಾಲ ಬಳಿ ಹೋಗಿ ನಿಂತಿತು.

"ಆಪಾ, ಏನ್ ಬರ್ದೀರಿ ಇದಕ್ಕ?" ಕೈಲಾಶನ ಹುಲಿ ಗುಡುಗಿತು. "ಖರೇ ಚೆಂಡು ಎಲ್ಲ್ಯಾರ ಹಿಂಗ ಮಾಡ್ತದೇನ್ರಿ?"

ತಸ್ಲೀಮ ಚೆಂಡನ್ನೆತ್ತಿ ಬಗಲಲ್ಲಿಟ್ಟುಕೊಂಡಳು.

"ಖರೇ ಚೆಂಡೇ ಹಿಂಗ ಮಾಡ್ತದಪಾ. ಮಾಲಕರಿಗಿ ಬ್ಯಾಟ ಕೊಡ್ಲಿಲ್ಲಂದ್ರ ಎದ್ದು ಮನಿಗಿ ಹೋಗ್ತದ. ಗಲ್ಲ್ಯಾಗ ಎಂದೂ ಆಡಿಲ್ಲೇನು ನೀ?"