ನಾಲ್ಕು ಲಿಪಿ ಬಲ್ಲ ಬಿಲ್ಲೆ ಅಕ್ಕ

ಕಾರಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಬಿಲ್ಲೆ ಅಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅವಳ ಕೆಲಸ ಒಂದೇ, ತಯಾರಾಗಿ ಬಂದ ಕಾರಿನ ಬೆನ್ನಿಗೆ ಹೆಸರಿನ ಬಿಲ್ಲೆ ಅಂಟಿಸುವುದು. ಕಾರಿನ ಹೆಸರು ‘ಝೆಲೋರಾ’. ಅದು ಹೋಗುವ ನಾಡು ನಾಲ್ಕು, ಬಿಲ್ಲೆಯ ಲಿಪಿಯೂ ನಾಲ್ಕು. ಒಂದು ಕಡೆಯವರು ‘ಸೆಲೋರಾ’ ಅನ್ನುತ್ತಾರೆ, ಇನ್ನೊಂದು ಕಡೆಯವರು ‘ಜೆಲ್ಲೂರ’. ಅವಳ ಗಂಡನ ಬಾಯಲ್ಲಂತೂ ಅದು ಬರೀ ‘ಜಲ್ರ’. ಯಾರ ನಾಲಿಗೆ ಹೇಗೆ ಹೊರಳಿದರೇನು, ಕಾರೇನು ಮುನಿಸಿಕೊಳ್ಳುತ್ತದೆಯೇ!

ಅಕ್ಕನಿಗೆ ಓದು ಬಾರದು. ನಾಲ್ಕರಲ್ಲಿ ಒಂದು ಲಿಪಿಯೂ ಬಾರದು. ಡಬ್ಬಿಯ ಬಣ್ಣ ನೋಡಿ ಬಿಲ್ಲೆ ತೆಗೆಯುತ್ತಿದ್ದಳು. ಯಾರಾದರೂ ಒಂದನ್ನು ಎತ್ತಿ ಹಿಡಿದು, “ಇದೇನಕ್ಕಾ?” ಎಂದರೆ “ಝೆಲೋರಾ” ಎನ್ನುತ್ತಿದ್ದಳು. ಇನ್ನೇನಿರಲು ಸಾಧ್ಯ? ಪ್ರತಿ ಸಲವೂ ಸರಿ! ನಾಲ್ಕು ಭಾಷೆಯೂ ಅಕ್ಕನಿಗೆ ನೀರು ಕುಡಿದಷ್ಟು ಸುಲಭ ಎಂಬ ಮಾತು ಹಬ್ಬಿತು. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಒಂದು ದಿನ ತಪಾಸಣೆಯ ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ನಾಲ್ಕು ಹೊಸ ಬಿಲ್ಲೆಗಳಿದ್ದವು.

“ಹೊಸ ಕಾರು ಬರ್ತಿದೆ ಅಕ್ಕಾ. ಹೆಸರು ಇನ್ನೂ ಯಾರಿಗೂ ಹೇಳಿಲ್ಲ. ನಾಲ್ಕರಲ್ಲೂ ಒಂದೇ ಹೆಸರು ಇದೆಯಾ, ಓದಿ ಹೇಳಿ.”

ಅಕ್ಕ ಬಿಲ್ಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಗಂಡ ಹಾಸಿಗೆ ಹಿಡಿದು ಎರಡು ವರ್ಷ, ಈ ಕೆಲಸ ಹೋದರೆ ಮನೆಯ ಒಲೆ ಉರಿಯದು. ಬಾಯಿಗೆ ಬಂದದ್ದು ಒದರಲೇ? ಕನ್ನಡಕ ಮರೆತೆ ಎನ್ನಲೇ? ಹಾಳಾದ ಕನ್ನಡಕ ಮೂಗಿನ ಮೇಲೇ ಇತ್ತು.

“ಮೇಡಂ, ನಂಗೆ ಓದೋಕೆ ಬರಲ್ಲ.”

“ಯಾವ್ದು? ಈ ಮೂರನೇದಾ?”

“ಯಾವ್ದೂ ಬರಲ್ಲ.”

ಇನ್ನು ಬೈಗುಳದ ಮಳೆಯೇ ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟರೆ ಮೇಡಂ ಮುಖ ಸುಣ್ಣದಂತೆ ಬಿಳುಚಿತ್ತು. ಅವರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದು ಕೂತರು.

“ನಂಗೂ ಬರಲ್ಲ ಅಕ್ಕಾ, ಒಂದು ಬಿಟ್ರೆ ಬೇರೆ ಬರಲ್ಲ. ನೀವಿದ್ದೀರಲ್ಲ ಅನ್ನೋ ಧೈರ್ಯಕ್ಕೆ, ನಾಲ್ಕನ್ನೂ ನಾನೇ ಓದಿ ನೋಡ್ತೀನಿ ಅಂತ ದೊಡ್ಡ ಸಾಹೇಬ್ರಿಗೆ ಹೇಳ್ಕೊಂಡು ಬಂದಿದ್ದೀನಿ. ಅವ್ರು ಈಗ ಬರ್ತಾರೆ. ದೇವರೇ, ಏನ್ ಮಾಡ್ಲಿ?”

ಬಾಗಿಲು ತಟ್ಟಿದ ಸದ್ದಾಯಿತು. ಮೇಡಂ ಕೂತಲ್ಲಿಂದ ಅಲ್ಲಾಡಲಿಲ್ಲ. ಅಕ್ಕನೇ ಚಿಲಕ ತೆಗೆದಳು.

“ಸಾಹೇಬ್ರೇ, ನಂಗೆ ಓದು ಬರಲ್ಲ. ಬರುತ್ತೆ ಅಂತ ಇಷ್ಟು ವರ್ಷ ಮೇಡಂನ ನಂಬಿಸ್ದೆ, ಅದಕ್ಕೇ ಅವ್ರು ನಿಮ್ಗೆ ಮಾತು ಕೊಟ್ರು. ತಪ್ಪೆಲ್ಲ ನಂದೇ.”

ಹಿಂದಿನಿಂದ ಮೇಡಂ ಈಗೇನಾದರೂ ಹೇಳುತ್ತಾರೆಂದು ಅಕ್ಕ ಕಾದಳು. ಅವರು ಬಾಯಿ ಬಿಡಲಿಲ್ಲ.