ಕಂಡವರು ಯಾರು?

ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬ ಮಾಸ್ತರರಿದ್ದಾರೆ. ಚಹಾ ಬಂದಾಗಲೆಲ್ಲ ಅವರಿಗೆ ವೇದಾಂತವೂ ಬರುತ್ತದೆ. "ಭಕ್ತಿ ಅನ್ನೂದು ಖಾಸಗಿ ವಿಷಯ ನೋಡ್ರಿ ಟೀಚರ್. ನಾನು, ನನ್ನ ದೇವರು, ಮುಗೀತು. ನಡುವ ನಿಮ್ಮ ಚರ್ಚು, ಸಭೆ ಅಂತ ಗದ್ದಲ ಯಾಕ?"

ಇಂಥವರ ದೇವರು ಬಹಳ ಮರ್ಯಾದಸ್ಥ. ಕರೆದಾಗ ಬರುತ್ತಾನೆ, ಬೇಡವೆಂದಾಗ ಹೊರಗೆ ನಿಲ್ಲುತ್ತಾನೆ, ಒಂದು ದಿನವೂ ಎದುರು ಮಾತಾಡುವುದಿಲ್ಲ. ಇಂಥ ಆಳು ನಮ್ಮ ಕಡೆ ಕಬ್ಬು ಕಡಿಯಲಿಕ್ಕೂ ಸಿಗುವುದಿಲ್ಲ.

ನಾನು ಚಿಕ್ಕೋಡಿಯಲ್ಲಿ ಹೈಸ್ಕೂಲು ಟೀಚರು, ವಾರದ ಕೊನೆಗೆ ಊರಿಗೆ ಹೋಗುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನೇ. ಐನಾಪುರದ ಹತ್ತಿರದ ಹಳ್ಳಿಯಿಂದ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಓದಿದೆ, ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಆದರೆ ದೇವರ ವಿಷಯ ಕಲಿತದ್ದು ಕಾಲೇಜಿನಲ್ಲಲ್ಲ. ಹೊಳೆಯ ದಾರಿಯಲ್ಲಿರುವ ನಮ್ಮ ಊರಿನ ತಗಡಿನ ಪ್ರಾರ್ಥನಾ ಮನೆಯಲ್ಲಿ, ಹರಿದ ಜಮಖಾನೆಯ ಮೇಲೆ, ಪರಸ್ಪರರ ಬಂಡವಾಳವನ್ನು ಪೂರ್ತಿ ಬಲ್ಲ ಹತ್ತಾರು ಮನೆಯವರ ನಡುವೆ.

ಆ ಸಭೆಗೆ ಒಂದು ಪದ್ಧತಿಯಿದೆ. ಬೇರೆಲ್ಲೂ ನಾನು ಅದನ್ನು ನೋಡಿಲ್ಲ. ಯಾರಾದರೂ ಎದ್ದು ನಿಂತು, ದೇವರು ನನ್ನ ಬದುಕಿನಲ್ಲಿ ಇಂಥದ್ದು ಮಾಡಿದ ಎಂದು ಸಾಕ್ಷಿ ಹೇಳಿದರೆ ಜನ ತಕ್ಷಣ ಆಮೆನ್ ಅನ್ನುವುದಿಲ್ಲ. ಸಭೆಯ ಹಿರಿಯ ಮೊದಲು ಜನರ ಕಡೆ ತಿರುಗಿ ಕೇಳುತ್ತಾನೆ, "ಕಂಡವರು ಯಾರು?" ಯಾರಾದರೂ "ನಾ ಕಂಡೀನ್ರಿ" ಅಂದರೆ ಮಾತ್ರ ಆಮೆನ್. ಇಲ್ಲದಿದ್ದರೆ ಹೇಳಿದವನು ಸುಮ್ಮನೆ ಕೂತುಕೊಳ್ಳಬೇಕು. ಒಬ್ಬ ಎದ್ದು "ಹೆಂಡತಿಗೆ ಬೈಯೂದು ಬಿಟ್ಟೀನಿ" ಅಂದಾಗ ಅವನ ಹೆಂಡತಿಯೇ ಹಿಂದಿನಿಂದ, "ಹೌದ್ರಿ, ಈಗ ಇಲ್ಲಿ ಬಂದ ಕುಂತ ಮ್ಯಾಲ ಬಿಟ್ಟಾನ" ಅಂದಿದ್ದಳು. ಪಾಸ್ಟರು ಅಥಣಿಯಿಂದ ತಿಂಗಳಿಗೊಮ್ಮೆ ಬಂದು ಮಾಡುವ ಪ್ರಸಂಗಕ್ಕಿಂತ ಈ ಒಂದು ಪ್ರಶ್ನೆ ನಮ್ಮನ್ನು ಹೆಚ್ಚು ತಿದ್ದಿದೆ.

ನಮ್ಮ ಅಪ್ಪನಿಗೂ ಕಾಕಾನಿಗೂ ಜಗಳವಾದದ್ದು ಹೊಳೆಯ ಮೋಟಾರಿನ ಮೇಲೆ. ಇಬ್ಬರದೂ ಸೇರಿ ಒಂದೇ ಮೋಟಾರು, ಒಂದೇ ಪೈಪು, ನೀರು ಹಾಯಿಸಲು ಪಾಳಿ. ಕಾಕಾ ತನ್ನ ಪಾಳಿ ಮೀರಿ ಹಾಯಿಸಿದನೆಂದು ಅಪ್ಪನಿಗೆ ಸಿಟ್ಟು. ಒಂದು ದಿನ ಕಾಕಾನ ಪಾಳಿಯಲ್ಲೇ ಹೋಗಿ ಪಿಂಗಾಣಿಯ ಫ್ಯೂಸು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡು ಬಂದ. ಕಾಕಾ ಕಾಗವಾಡದಿಂದ ಹೊಸದು ತಂದು ಹಾಕಿದ. ಹಳೆಯದು ಮಾತ್ರ ಅಪ್ಪನ ಕಿಸೆಯಲ್ಲೇ ಉಳಿಯಿತು. ಅಂಗಿ ಬದಲಾದರೂ ಫ್ಯೂಸು ಹೊಸ ಅಂಗಿಗೆ ವರ್ಗವಾಗುತ್ತಿತ್ತು. ಅಣ್ಣ ತಮ್ಮಂದಿರ ಮಾತು ನಿಂತುಹೋಯಿತು.

ನಮ್ಮ ಸಭೆಯಲ್ಲಿ ಮನಸ್ತಾಪ ಇಟ್ಟುಕೊಂಡವರು ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ಮುರಿದು ಹಂಚುವ ರೊಟ್ಟಿಗೆ, ಕೈ ಚಾಚುವಂತಿಲ್ಲ. ರೊಟ್ಟಿ ಮುರಿಯುವ ಐತವಾರ ಬಂದಾಗ ಅಪ್ಪ ಎದ್ದು, ಗಂಟಲು ಸರಿಮಾಡಿಕೊಂಡು, ಪಂಚಾಯತಿ ಅಧ್ಯಕ್ಷನ ಗತ್ತಿನಲ್ಲಿ ಹೇಳಿದ, "ನಾ ನನ್ನ ತಮ್ಮನ್ನ ಕ್ಷಮಿಸೀನಿ."

"ಕಂಡವರು ಯಾರು?" ಹಿರಿಯ ಕೇಳಿದ.

ಕಾಕಾ ಜಮಖಾನೆಯ ದಾರ ಕೀಳುತ್ತ ಕೂತಿದ್ದ. ಊರಿಗೆಲ್ಲ ಆಯಿಯಾದ ಒಬ್ಬ ಮುದುಕಿ ಗೋಡೆಗೆ ಆತುಕೊಂಡಿದ್ದಳು, ಅವಳೇ ಬಾಯಿ ತೆಗೆದಳು. "ಕ್ಷಮಿಸಿದ ಮನಷ್ಯಾನ ಕಿಸೆದಾಗ ಅದೇನಪಾ ಉಬ್ಬೈತಿ? ಫ್ಯೂಸೋ, ಗಂಟೋ?"

ಜನ ನಕ್ಕರು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಅಂದಿನಿಂದ ಅಪ್ಪನ ಚರ್ಚು ಮೊಬೈಲಿಗೆ ಬಂತು. ಯಾವುದೋ ಊರಿನ ಒಬ್ಬ ಪ್ರಸಂಗಿ, ಹಿಂದೆ ನೀಲಿ ಬೆಳಕು, ಮುಂದೆ ಕೀಬೋರ್ಡಿನವನು. ಆತ ಕಣ್ಣು ಮುಚ್ಚಿ, "ಪ್ರಿಯ ಸಹೋದರನೇ, ನಿನ್ನ ನೋವು ನನಗೆ ಗೊತ್ತು" ಅನ್ನುತ್ತಿದ್ದ. ಆತನಿಗೆ ಅಪ್ಪನ ಹೆಸರು ಗೊತ್ತಿರಲಿಲ್ಲ, ಊರು ಗೊತ್ತಿರಲಿಲ್ಲ, ಕಿಸೆಯಂತೂ ಗೊತ್ತೇ ಇರಲಿಲ್ಲ. ಅಪ್ಪನಿಗೆ ಬೇಕಾದದ್ದೂ ಅದೇ. "ಇಂವ ನೋಡ, ಎಷ್ಟ್ ಛಂದ ಮಾತಾಡ್ತಾನ. ಮಂದೀ ಮುಂದ ಮಾನ ಕಳಿಯೂದಿಲ್ಲ" ಎಂದು ನನಗೆ ಕೇಳಿಸುವಂತೆ ಹೇಳುತ್ತಿದ್ದ. ಕನ್ನಡಿಯೂ ಮಾನ ಕಳೆಯುವುದಿಲ್ಲ, ದೂರ ನಿಂತು ನೋಡಿಕೊಂಡರೆ.

ಒಂದು ಐತವಾರ ಆ ಪ್ರಸಂಗಿ ಮೊಬೈಲಿನಲ್ಲೇ ಕರ್ತನ ಭೋಜನ ಇಟ್ಟ. ಮನೆಯಲ್ಲಿರುವುದನ್ನು ತಗೊಂಡು ಕೂಡ್ರಿ ಅಂದ. ನಮ್ಮ ಸಭೆಯಲ್ಲಿ ಒಂದೇ ದೊಡ್ಡ ಚಪಾತಿ ಮುರಿದು ಎಲ್ಲರಿಗೂ ಕೊಡುತ್ತಾರೆ, ಒಣದ್ರಾಕ್ಷಿ ನೆನೆಸಿ ಹಿಂಡಿದ ರಸವನ್ನು ಒಂದೇ ಲೋಟದಲ್ಲಿ ಕುಡಿಯುತ್ತಾರೆ. ಅಪ್ಪ ಒಂದು ಬಿಸ್ಕೀಟು, ಒಂದು ಗ್ಲಾಸು ಕೋಕಂ ಶರಬತ್ತು ಇಟ್ಟುಕೊಂಡು ಖುರ್ಚಿಯಲ್ಲಿ ಕೂತ. ಅವ್ವನನ್ನು ಕರೆದ. ಅವ್ವ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಡಲಿಲ್ಲ.

"ಒಬ್ಬಾಂವ ತಿಂದ್ರ ಅದಕ್ಕ ನಾಷ್ಟಾ ಅಂತಾರು. ನೀವ ತಿನ್ರಿ."

ಪ್ರಸಂಗಿ ರೊಟ್ಟಿ ಎತ್ತಿ ಹಿಡಿಯಿರಿ ಅಂದ. ಅಪ್ಪ ಬಿಸ್ಕೀಟು ಎತ್ತಿ ಹಿಡಿದ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಪರದೆಯ ಮೇಲೆ ಪ್ರಸಂಗಿ ಬಾಯಿ ತೆರೆದುಕೊಂಡು ನಿಂತ, ಸುತ್ತ ಒಂದು ಚಕ್ರ ತಿರುಗಿತು. ತಿನ್ನಬೇಕೋ ಬೇಡವೋ ತಿಳಿಯದೆ ಅಪ್ಪ ಬಿಸ್ಕೀಟು ಹಿಡಿದುಕೊಂಡೇ ಕೂತ. ಸೆಕೆಗೆ ಅದು ಕೈಯಲ್ಲೇ ಮೆತ್ತಗಾಯಿತು. ನನಗೆ ನಗು ತಡೆಯಲಾಗಲಿಲ್ಲ, ತಡೆಯುವ ಪ್ರಯತ್ನವನ್ನೂ ಮಾಡಲಿಲ್ಲ.

ಮುಂದಿನ ವಾರ ಅಪ್ಪ ಫೋನು ನನ್ನ ಕೈಗೆ ಕೊಟ್ಟ. "ಇದರಾಗ ಸಾಕ್ಷಿ ಬರೀತಾರಂತ. ನಂದೂ ಒಂದ್ ಹಾಕ ಮಗಳ. ನಾ ನನ್ನ ತಮ್ಮನ್ನ ಕ್ಷಮಿಸೀನಿ ಅಂತ ಬರಿ."

"ಖರೇ ಏನಪಾ?"

"ನಿನಗ ಬರೀ ಅಂದ್ರ ಬರಿ. ಶಾಣ್ಯಾತನ ಬ್ಯಾಡ."

ಆ ಪ್ರಸಂಗಿಯ ವಿಡಿಯೋದ ಕೆಳಗೆ ಬರೆದೆ. ನನ್ನ ಡಿಗ್ರಿ ಇಂಥದ್ದಕ್ಕೂ ಉಪಯೋಗಕ್ಕೆ ಬಂತು. ಹಾಕಿದ್ದೇ ತಡ, ಮುಗಿದ ಕೈಗಳು, ಕೆಂಪು ಹೃದಯಗಳು ಸುರಿಯತೊಡಗಿದವು. ಹಲ್ಲೆಲೂಯ ಸಹೋದರ. ಆಮೆನ್. ನೀವು ಧನ್ಯರು. ಪುಣೆಯವರು, ಮುಂಬೈಯವರು, ದುಬೈಯಲ್ಲಿರುವವರು. ನಾನು ಒಂದೊಂದೇ ಓದಿ ಹೇಳಿದೆ. ಮೊದಮೊದಲು ಅಪ್ಪನ ಮುಖ ಅರಳಿತು. ಆಮೇಲೆ ಹುಬ್ಬು ಗಂಟಿಕ್ಕಿದ.

"ಇವರಿಗೆ ನನ್ನ ತಮ್ಮ ಯಾರಂತ ಗೊತ್ತೈತೇನ?"

"ಇಲ್ಲ."

"ಹೊಳೀದಂಡಿಗೆ ಬಂದ ನೋಡ್ಯಾರೇನ?"

"ಇಲ್ಲಪಾ."

"ಮತ್ತ ಆಮೆನ್ ಹೆಂಗ ಅಂದ್ರು?"

ಅಪ್ಪ ಫೋನು ಕಸಿದುಕೊಂಡು ಬೋರಲು ಹಾಕಿದ. ಇಷ್ಟು ಅಗ್ಗವಾಗಿ ಸಿಕ್ಕ ಆಮೆನ್ ಅವನಿಗೆ ಅರಗಲಿಲ್ಲ. ಸಭೆಯಲ್ಲಿ ಬೆಳೆದವರ ಕಷ್ಟವೇ ಇದು. ಸುಳ್ಳು ಹೇಳಬಹುದು, ಆದರೆ ಅದನ್ನು ಯಾರೂ ಹಿಡಿಯದಿದ್ದರೆ ಅನಾಥರಾದ ಹಾಗೆ ಆಗುತ್ತದೆ.

ರೊಟ್ಟಿ ಮುರಿಯುವ ಐತವಾರ ಮತ್ತೆ ಬಂತು. ಅಪ್ಪ ನಮಗಿಂತ ಮೊದಲು ಹೋಗಿ ಜಮಖಾನೆಯ ತುದಿಯಲ್ಲಿ ಕೂತಿದ್ದ. ಆಯಿ ನೋಡಿದವಳೇ, "ಯಾಕಪಾ, ಮೊಬೈಲ್‌ದಾಗ ಕರೆಂಟ್ ಮುಗೀತೇನ?" ಅಂದಳು. ಅಪ್ಪ ಜಮಖಾನೆಯ ಮಡಿಕೆ ಸರಿಮಾಡಿದ. ಸಾಕ್ಷಿಯ ಹೊತ್ತಿಗೆ ಎದ್ದು ನಿಂತ. ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ.

"ನಾ ನನ್ನ ತಮ್ಮನ್ನ ಕ್ಷಮಿಸಿಲ್ಲ. ಆಗವಲ್ದು. ಅವನ ಮಾರಿ ಕಂಡ್ರ ಹೊಟ್ಟಿ ಉರೀತೈತಿ."

ಹಿರಿಯ ತಡಬಡಾಯಿಸಿದ. ಇಂಥ ಸಾಕ್ಷಿಗೆ ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಕೊನೆಗೆ ರೂಢಿಯಂತೆ ಕೇಳಿಯೇ ಬಿಟ್ಟ, "ಕಂಡವರು ಯಾರು?"

ಕಾಕಾ ಎದ್ದ. "ನಾ ಕಂಡೀನ್ರಿ. ಅಣ್ಣ ಹೇಳಿದ್ದು ಖರೇ ಐತಿ. ನಂದೂ ಹಂಗ ಐತಿ."

"ಆಮೆನ್," ಅಂದಳು ಆಯಿ. ಎಲ್ಲರೂ ಅಂದರು. ಮೋಟಾರಿನ ಜಗಳ ಶುರುವಾದ ಮೇಲೆ ಅಣ್ಣ ತಮ್ಮಂದಿರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಚಪಾತಿಯ ತಟ್ಟೆ ಅಪ್ಪನ ಮುಂದೆ ಬಂತು, ಅವನು ತೆಗೆದುಕೊಳ್ಳದೆ ಕಾಕಾನ ಕಡೆ ಸರಿಸಿದ. ಕಾಕಾನೂ ತೆಗೆದುಕೊಳ್ಳಲಿಲ್ಲ. ತಟ್ಟೆ ಮುಂದೆ ಹೋಯಿತು.

ಹೊರಗೆ ಚಪ್ಪಲಿ ಹುಡುಕುವಾಗ ಕಾಕಾ ಗೋಡೆಗೆ ಹೇಳುವವನಂತೆ ಹೇಳಿದ, "ನಾಳೆ ಕರೆಂಟ್ ಮಧ್ಯಾಹ್ನಕ್ಕ ಬರ್ತೈತಂತ. ಪಾಳಿ ನಿಂದೈತಿ."

ಅಪ್ಪ ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಬಿಟ್ಟು, ಕಿಸೆಗೆ ಕೈ ಹಾಕಿದ. ಫ್ಯೂಸು ತೆಗೆದು ಕಾಕಾನ ಅಂಗೈಗೆ ಒತ್ತಿದ.

"ಹಿಡಿ. ಇದರ ಸಲುವಾಗಿ ಇದ್ದಬದ್ದ ಅಂಗಿ ಕಿಸೇ ಎಲ್ಲಾ ಹರದಾವು."

ಆಗಲೇ ಅವನ ಇನ್ನೊಂದು ಕಿಸೆಯಲ್ಲಿ ಫೋನು ಟಿಣ್ ಅಂದಿತು. ತೆಗೆದು ನನ್ನ ಕೈಗೆ ಕೊಟ್ಟ. ನೋಡಿದೆ. ದುಬೈಯಿಂದ ಯಾರೋ ಇನ್ನೂ ಹಲ್ಲೆಲೂಯ ಅನ್ನುತ್ತಿದ್ದರು.