ಎರಡು ಗೀರಿನ ಕಲ್ಲು

ಪಕ್ಕದವರು ಮನೆ ಕಟ್ಟಲು ಖಡಿ, ಅಂದರೆ ಜಲ್ಲಿಕಲ್ಲು, ತರಿಸಿ ಸುರುವಿದ್ದಾರೆ. ಬೆಳಿಗ್ಗೆ ಅದರ ಮೇಲೆ ನೀರು ಹೊಡೆದಾಗ ಹಸಿ ಕಲ್ಲುಪುಡಿಯ ವಾಸನೆ ಎದ್ದಿತು, ನನ್ನ ತಲೆ ಕೆಟ್ಟಿತು. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ.

ವಿಜಯಪುರದ ಕಾಲೇಜಿನಲ್ಲಿ ನಮಗೆ ಭೂವಿಜ್ಞಾನ ಕಲಿಸಿದ ಮೇಡಂ ಒಮ್ಮೆ ಇಟ್ಟಂಗಿಹಾಳದಾಚೆಯ ಕಲ್ಲಿನ ಖಣಿಗೆ ನಮ್ಮನ್ನು ಕರೆದೊಯ್ದರು. ಅಲ್ಲೊಂದು ಆಳೆತ್ತರದ ಕರಿಗಲ್ಲಿನ ಗೋಡೆ. ಉಜ್ಜಿದಂಥ ನುಣುಪು, ಮೈತುಂಬ ಗೀರು. ನೆಲ ಬಿರಿದು, ಬಂಡೆಯ ಎರಡು ಪಾಲು ಒಂದನ್ನೊಂದು ತಿಕ್ಕುತ್ತ ಸರಿದ ಜಾಗವದು. ಫರ್ಶಿಕಲ್ಲಿನ ನೆಲದ ಮೇಲೆ ಕಪಾಟು ಎಳೆದರೆ ಗೀರು ಬೀಳುತ್ತದಲ್ಲ, ಹಾಗೆ.

"ಕೈ ಹಚ್ಚಿ ನೋಡ್ರಿ. ಹಳೇ ಗೀರು ಕೆಳಗ ಇಳದಾವ. ಅದರ ಮ್ಯಾಲ ಬಿದ್ದ ಹೊಸಾವು ಅಡ್ಡ ಹೋಗ್ಯಾವ. ಅಂದ್ರ ನೆಲಾ ಒತ್ತೋ ದಿಕ್ಕ ಬದಲಾಗೈತಿ."

ಬಿರುಕು ಬಂಡೆಗಿಂತ ಎಷ್ಟೋ ಈಚಿನದಾದ ಮೇಲಿನ ಎರೆಮಣ್ಣನ್ನೂ ಸೀಳಿತ್ತು, ಹಾಗಾಗಿ ಅದಿನ್ನೂ ಸತ್ತಿಲ್ಲ, ಮತ್ತೆ ಸರಿಯಬಹುದು ಎಂದರು ಮೇಡಂ. ಟಿಕೋಟಾ, ಬಬಲೇಶ್ವರದ ಕಡೆ ನೆಲ ಗುಡುಗಿ ನಡುಗಿದಾಗ ಜನಕ್ಕೆ ತೋರಿಸಿ ಹೇಳಲು ಇಂಥ ಕಲ್ಲನ್ನು ಅವರು ಬೇರೆಲ್ಲೂ ಕಂಡಿರಲಿಲ್ಲ.

ಖಣಿಯ ಮಾಲೀಕ ಅದನ್ನೂ ಒಡೆಸುತ್ತೇನೆಂದ. ಮೇಡಂ ಕಚೇರಿ ಕಚೇರಿ ಅಲೆದರು. "ಕಲ್ಲಿಗ್ಯಾವ ಕಾಯ್ದೇರಿ ಮೇಡಮ್ಮಾರ?" ಎಂದು ಅಲ್ಲಿನ ಸಾಹೇಬರು ನಕ್ಕು ಕಳಿಸಿದರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ನಾನೇ ಒಂದು ದಾರಿ ಹೇಳಿದೆ. "ಅರಿಷಿಣದ ಭಂಡಾರ ಹಚ್ಚಿ ಕಾಯಿ ಒಡದ್ಬಿಡೋಣ್ರಿ ಮೇಡಂ. ದೇವರ ಕಲ್ಲಂದ್ರ ಯಾವನೂ ಮುಟ್ಟಂಗಿಲ್ಲ."

ನಾನು ಸುಮ್ಮನೆ ಹೇಳಿದ್ದಲ್ಲ. ಖಣಿಯ ಬಾಯಲ್ಲಿ ಕುಂಕುಮ ಹಚ್ಚಿದ ಒಂದು ಗುಂಡುಕಲ್ಲಿತ್ತು. ಮಾಲೀಕನ ಲಾರಿಗಳು ಅದನ್ನು ಸುತ್ತು ಹಾಕಿಯೇ ಓಡಾಡುತ್ತಿದ್ದವು.

ಮೇಡಂ ಕೆಂಡವಾದರು. "ಇದು ಏನಂತ ಮಂದಿಗೆ ತಿಳೀಬೇಕಲೇ! ದೇವರ ಮಾಡಿದ್ರ ಕೈ ಮುಗದು ಹೋಗ್ತಾರ. ಒಬ್ಬನೂ ಕೇಳೂದಿಲ್ಲ."

ಮುಂದಿನ ವಾರವೇ ಮದ್ದು ಇಟ್ಟರು... ಗೋಡೆಯ ಚೂರುಗಳು ಖಡಿ ಮಷಿನ್ನಿಗೆ ಬೀಳುವುದನ್ನು ಮೇಡಂ ನಿಂತು ನೋಡಿದರು. ನಾವು ಕರೆದರೂ ಬರಲಿಲ್ಲ.

ಅವರು ತೀರಿಹೋಗಿ ಬಹಳ ಕಾಲವಾಯಿತು. ಮೊನ್ನೆ ಮತ್ತೆ ನೆಲ ಗುಡುಗಿತು, ಓಣಿಯವರೆಲ್ಲ ಹೊರಗೆ ಓಡಿಬಂದೆವು. ಬಳೆ ಅಂಗಡಿಯ ಚಾಚಾ ಕೇಳಿದರು, "ನೀವು ಕಲತಾವ್ರು, ಹೇಳ್ರಿ. ಇದ್ಯಾಕ ಹಿಂಗ ಆಗಾಕತ್ತೈತಿ?"

ಹೇಳಿದೆ. ಗಾಳಿಯಲ್ಲಿ ಕೈಯಾಡಿಸಿ ಅಡ್ಡಗೀರು, ಉದ್ದಗೀರು ತೋರಿಸಿದೆ. ಚಾಚಾ ಪಾಪ, ಮರ್ಯಾದೆಗೆ ತಲೆಯಾಡಿಸಿದರು. ಅವರಿಗೆ ಏನೂ ಕಾಣಲಿಲ್ಲ.

ಒಳಗೆ ಬಂದು ಮೇಡಂಗೆ ಮನಸಾರೆ ಬೈದೆ. ಒಂದು ಹಿಡಿ ಭಂಡಾರಕ್ಕೆ ಅಷ್ಟೊಂದು ಹಟ ಬೇಕಿತ್ತೇ? ಕಲ್ಲಂತೂ ಹೋಯಿತು... ಬೈಸಿಕೊಳ್ಳಲಾದರೂ ಅವರು ಇರಬೇಕಿತ್ತು.